ಅಡಿಯ ಬಣ್ಣ

ಮಲ್ಪೆಯಲ್ಲಿ, ಐಸ್ ಪ್ಲಾಂಟಿನ ಗೋಡೆಗೆ ಆತುಕೊಂಡು
ಫ್ಲೇವಿಯಾಳ ಜೆರಾಕ್ಸ್ ಅಂಗಡಿ.
ಟರ್ಪೆಂಟೈನ್ ವಾಸನೆಯ ಕೈ ಎರಡು ಸಲ ತೊಳೆದು
ಮೌಸ್ ಹಿಡಿದೆ, ಕುಂಚ ಹಿಡಿದ ಹಾಗೆ, ಮೂರೇ ಬೆರಳಲ್ಲಿ.
"ಸಡಿಲ ಬಿಡಿ ಅಂಕಲ್,
ಅದೇನು ಓಡಿ ಹೋಗುವುದಿಲ್ಲ."

ಮೂವತ್ತೊಂದು ವರ್ಷ ಬೋಟುಗಳ ಮೂತಿಗೆ ಹೆಸರು ಬರೆದವನು.
ಈಗ ನನ್ನ ಹೆಸರಿಗೇ ಒಂದು ಪುಟ ಬೇಕಂತೆ.
ಗಂಗೊಳ್ಳಿಯ ಗಿರಾಕಿ ಕೇಳಿದ,
"ನೆಟ್ಟಲ್ಲಿ ಉಂಟಾ ನಿಮ್ಮ ಕೆಲಸ?"
ಧಕ್ಕೆಯಲ್ಲಿ ಉಂಟು ಮಾರಾಯ,
ನಲವತ್ತು ಬೋಟು ಉಂಟು, ಬಂದು ನೋಡು ಅಂದೆ.
ಅವನು ಬರಲಿಲ್ಲ.

ಬಿಳಿ ಪರದೆ. ಪ್ರೈಮರ್ ಹೊಡೆದ ಹಲಗೆ.
ಚೌಕವೊಂದನ್ನು ಎಳೆದು ತಂದು ಬಿಟ್ಟರೆ ಅಲ್ಲೇ ಕೂರುತ್ತದೆ.
ನಟ್ಟನಡುವಿಗೆ ಬಂದಾಗ
ನೇರಳೆ ಗೆರೆಯೊಂದು ಮಿಂಚಿ ಮಾಯ.
ಇದಕ್ಕೇ ಅಲ್ಲವೇ ನಾವು ನೀಲಿಪುಡಿ ಮೆತ್ತಿದ ನೂಲನ್ನು
ಆಚೆ ಒಬ್ಬ, ಈಚೆ ಒಬ್ಬ ಹಿಡಿದು
ಟಪ್ಪೆಂದು ಚಿಮ್ಮುತ್ತಿದ್ದದ್ದು.
ಆಚೆ ತುದಿಯಲ್ಲಿ ದೂಮಣ್ಣ.
ಇಲ್ಲಿ ಆಚೆ ತುದಿಗೆ ಯಾರೂ ಬೇಡ.

ಫೋಟೋ ಎಳೆದೆ, ಬೋಟು ಬಲೂನಾಯಿತು.
"ಮೂಲೆ ಹಿಡಿದು ಎಳೆಯಿರಿ,
ಬದಿ ಹಿಡಿದರೆ ಹೊಟ್ಟೆ ಉಬ್ಬುತ್ತದೆ."
ಆಯ್ತು, ಅದೂ ಕಲಿತೆ.
ಆದರೆ ಅಕ್ಷರದ ವಿಷಯ ಬೇರೆ.
ಮಹಾಲಕ್ಷ್ಮೀ ಎಂದು ಬರೆದರೆ ಒತ್ತಿನ ಕೆಳಗೆ ಒತ್ತು ಇಳಿದು
ಕೆಳಸಾಲಿನ ತಲೆಗೆ ತಾಗಿತು.
ಅಡಿ ಮುಟ್ಟಿತು ನೋಡು ಅಂದೆ.
ಒತ್ತಕ್ಷರಕ್ಕೂ ಅಡಿಯಲ್ಲಿ ಒಂದು ಮಾರು ನೀರು ಬೇಕು,
ಇಲ್ಲದಿದ್ದರೆ ಅಳಿವೆಯಲ್ಲೇ ಕೂತುಬಿಡುತ್ತದೆ.
ಅವಳು ಸಾಲಿನ ಎತ್ತರ ಒಂದೂವರೆಗೆ ಏರಿಸಿದಳು.
ಸಾಲದು. ಒಂದೂಮುಕ್ಕಾಲು.
ತೇಲಿತು.

ಮೇಲೆ, ದಪ್ಪಕ್ಷರದಲ್ಲಿ, ಕೈ ತನ್ನಷ್ಟಕ್ಕೆ ಬರೆಯಿತು:
ದೂಮಣ್ಣ ಮತ್ತು ಶೇಖರ.
ಆಮೇಲೆ ಅರ್ಧ ಅಳಿಸಿದೆ.
ಆರು ವರ್ಷ ಆಯಿತು ಅವನು ಮಂಗಳೂರಿನ ಬಂದರಿಗೆ ಹೋಗಿ
ಸ್ಟಿಕ್ಕರ್ ಕತ್ತರಿಸುವ ಮೆಷಿನ್ ಇಟ್ಟು.
ಯಾರ ತಪ್ಪು ಎಂದು ಕೇಳಬೇಡಿ, ಇಬ್ಬರಿಗೂ ಮರೆತಿರಬಹುದು.
ಮಾತು ಮಾತ್ರ ಇಲ್ಲ.

ಅಳಿಸಿದ್ದು ಗೊತ್ತೇ ಆಗಲಿಲ್ಲ, ಅಷ್ಟು ನಯ.
ಬೋಟಿನಲ್ಲಾದರೆ ಹೆಸರು ಅಷ್ಟು ಸುಲಭಕ್ಕೆ ಸಾಯುವುದಿಲ್ಲ.
ಕೈ ಬದಲಾದ ಬೋಟಿಗೆ ಮೂರು ಕೋಟು ಹೊಡೆ,
ಜಲಮಂದಾರ ಎಂದು ಬರೆ,
ಇಳಿಬಿಸಿಲಿಗೆ ಓರೆಯಲ್ಲಿ ನಿಂತು ನೋಡು,
ಅಡಿಯಿಂದ ಅಲ್ ನೂರ್ ಉಬ್ಬಿ ಬರುತ್ತದೆ,
ನಾನೇ ಬರೆದದ್ದು.

"ಹಿಂಬದಿ ನೋಡುತ್ತೀರಾ?" ಎಂದು ಒಂದು ಗುಂಡಿ ಒತ್ತಿದಳು.
ಬಣ್ಣ ಹೋಯಿತು, ಬೋಟು ಹೋಯಿತು.
ಬಂಗುಡೆ ತಿಂದಿಟ್ಟ ಬಟ್ಟಲಿನ ಹಾಗೆ ಬರೀ ಮುಳ್ಳು, ಮುಳ್ಳು.
ಅದರ ನಡುವೆ ಒಂದು ಕಡೆ
ದಪ್ಪಕ್ಷರ ಶುರು ಎಂಬ ಗುರುತು,
ತಾಗಿಕೊಂಡೇ ದಪ್ಪಕ್ಷರ ಮುಗಿಯಿತು ಎಂಬ ಗುರುತು.
ಒಳಗೆ ಏನೂ ಇಲ್ಲ.
"ನೀವು ಅಳಿಸಿದ್ದು ಅಂಕಲ್. ಹೆಸರು ಹೋಗಿದೆ, ಗೂಡು ಉಳಿದಿದೆ.
ಕ್ಲೀನ್ ಮಾಡಲಾ?"

ಗೋಡೆಯ ಆಚೆ ಐಸಿನ ಬ್ಲಾಕೊಂದು ಜಾರಿ ಬಿದ್ದ ಸದ್ದು.
ಭಾರ ಆಗ್ತದಾ ಅದರಿಂದ, ಪುಟಕ್ಕೆ?
"ಇಲ್ಲ. ಯಾರಿಗೂ ಕಾಣುವುದೂ ಇಲ್ಲ."
ಹಾಗಾದರೆ ಇರಲಿ.

ಕೊನೆಗೆ ಮೊಬೈಲ್ ನಂಬರು. ಮೂರು ಸಲ ಓದಿಸಿದೆ.
ಅದರ ಕೆಳಗೆ ನನ್ನದೇ ಎರಡು ಸಾಲು,
ಅವಳಿಗೆ ತಿದ್ದಗೊಡಲಿಲ್ಲ:
ಸಂಜೆ ಆರರ ಮೇಲೆ ಫೋನ್ ಮಾಡಿ.
ಹಗಲು ಏಣಿಯ ಮೇಲಿರುತ್ತೇನೆ.