ಒಂದು ಎಮ್ಮೆಯ ಬಾಬ್ತು

ದಿಲಿ ಪಟ್ಟಣ, ಅರ್ಥಖಾತೆ, ಮೇಲಿನ ಮಹಡಿ.
ಮಾಡು ಇನ್ನೂ ಪೂರ್ತಿ ಬಂದಿಲ್ಲ.
ಸುಟ್ಟ ತೊಲೆಗಳ ನಡುವೆ ನೀಲಿ ತಾಡಪಾಲು,
ಕಡಲ ಗಾಳಿಗೆ ಹೊಟ್ಟೆಯುಬ್ಬಿಸಿ
ಕಡತಗಳ ಮೇಲೆ ಕೂರುತ್ತದೆ.
ಕಡತಗಳು ಅಂದೆನೇ? ಏಳಿವೆ.
ಉಳಿದವನ್ನು, ಹೋಗುವವರು ಹೋಗುವಾಗ
ಬೆಂಕಿಗೆ ಓದಲು ಕೊಟ್ಟು ಹೋದರು.

ನನ್ನ ಕೆಲಸ, ತಿಮೋರಿನ ಮೊದಲ ಆಯವ್ಯಯಕ್ಕೆ ಗೆರೆ ಎಳೆಯುವುದು.
ಆಯ ಎಡಕ್ಕೆ, ವ್ಯಯ ಬಲಕ್ಕೆ.
ಎಡಗಡೆಗೆ ಎರಡು ನಿಮಿಷ ಸಾಕಾಯಿತು:
ಕಾಫಿ (ಬೆಲೆ ಬಿದ್ದಿದೆ), ಬಂದರಿನ ಸುಂಕ,
ದಾನ, ದಾನ, ಮತ್ತೂ ದಾನ.
ಕಡಲಡಿಯ ಎಣ್ಣೆಯನ್ನು ಪೆನ್ಸಿಲ್ಲಿನಲ್ಲಿ ಬರೆದೆ.
ನೀರಿಗೆ ಗೆರೆ ಹೊಡೆಯುವ ಮಾತುಕತೆ
ದಕ್ಷಿಣದ ದೊಡ್ಡ ನೆರೆಯವನ ಜೊತೆ ನಡೆದಿದೆ;
ಗೆರೆಗೋಲು ಅವನ ಕೈಯಲ್ಲಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಿ,
ಎನ್ನುತ್ತಾನೆ ಸಲಹೆಗಾರ ಎಸ್ಪೆನ್, ಒಳ್ಳೆಯವನೇ,
ಬಾಟಲಿಯ ತಣ್ಣೀರು ಗುಟುಕರಿಸುತ್ತ.
ಹಾಸಿಗೆಯನ್ನೂ ಸುಟ್ಟಿದ್ದಾರೆ ಮಾರಾಯ,
ಕಾಲುಗಳು ಮಾತ್ರ ಉಳಿದಿವೆ.

ಕಾನೂನು ಪೋರ್ಚುಗೀಸಿನಲ್ಲಿ,
ನ್ಯಾಯಾಧೀಶ ಓದಿದ್ದು ಜಕಾರ್ತದ ಭಾಷೆಯಲ್ಲಿ,
ಕಳ್ಳ ಅಳುವುದು ತೇತುಮಿನಲ್ಲಿ.
ನೋಟಿನ ಮೇಲೆ ನಗದೆ ಕೂತವನು
ಇನ್ನಾರದೋ ದೇಶದ ಸತ್ತ ಯಜಮಾನ.
ಸೈನ್ಯವೆಲ್ಲ ಮೂಡಲವರಿಗೆ ಎಂದು ಪಡುವಲವರು,
ಪೊಲೀಸರೆಲ್ಲ ಪಡುವಲವರೇ ಎಂದು ಮೂಡಲವರು.
ಮೂರು ತಾಸು ಹಾದಿಯ ದೇಶದಲ್ಲಿ
ಇಷ್ಟೊಂದು ದಿಕ್ಕುಗಳಿದ್ದವೆಂದು
ಕಾಡಿನಲ್ಲಿದ್ದಾಗ ಯಾರಿಗೂ ಗೊತ್ತಿರಲಿಲ್ಲ.

ಮಂಗಳವಾರ ಬೆಟ್ಟದ ಬಸ್ಸಿಳಿದು ಬಂದಳು
ಲಾಕ್ಲುಬಾರಿನ ಒಲಾಂದಿನಾ ಅಜ್ಜಿ.
ಬಿದಿರ ಕೊಳವೆಯಿಂದ ತೆಗೆದಳು ಒಂದು ಚೀಟಿ,
ಇಪ್ಪತ್ತೆರಡು ವರ್ಷ ಹುಲ್ಲುಮಾಡಿನಲ್ಲಿ
ಹೊಗೆ ಕುಡಿದು ಹಣ್ಣಾದದ್ದು:
"ಎಮ್ಮೆ ಒಂದು. ಜೋಳ ನಲವತ್ತು ತೆನೆ.
ದೇಶ ಬಂದ ಮೇಲೆ ತೀರಿಸಲಾಗುವುದು."
ಸಹಿ, ಕಾಡಿನ ಹೆಸರು: ಕೂಗುವ ಹುಂಜ.

ಹುಂಜ ಸತ್ತು ಹದಿನೇಳು ವರ್ಷ.
ಸಾಲಕ್ಕೆ ಮಾತ್ರ ಇನ್ನೂ ಜೀವವಿದೆ.

ಇದಕ್ಕೆ ಶೀರ್ಷಿಕೆಯಿಲ್ಲ, ಎಂದ ಎಸ್ಪೆನ್.
ಹಿಂದಿನ ಸರ್ಕಾರದ ಬಾಕಿ ಎನ್ನೋಣವೆಂದರೆ
ಆಗ ಸರ್ಕಾರವೇ ಇರಲಿಲ್ಲ.
ಜನರ ಕೊಡುಗೆ ಎಂದು ಬರೆದುಬಿಡೋಣವೇ?
ಅಜ್ಜಿ ಕೋಲು ಕುಟ್ಟಿದಳು:
"ಕೊಡುಗೆಯಲ್ಲ. ಕಡ.
ದೇಶ ಬಂತೆಂದು ಪಾದ್ರಿ ಗಂಟೆ ಹೊಡೆದ.
ಬಂದಿದ್ದರೆ ಎಮ್ಮೆ ಎಲ್ಲಿ?"

ದುಡ್ಡು ಕೊಡುತ್ತೇವೆ ಎಂದೆ.
ದುಡ್ಡು ಕರು ಹಾಕುತ್ತದೆಯೇ ಎಂದಳು.
ಆಮೇಲೆ, ಬಾಯಿಯ ಎಲೆ ಪಕ್ಕಕ್ಕೆ ತಳ್ಳಿ, ನಿಧಾನ:
"ಒಯ್ದಾಗ ಅದು ಗಬ್ಬವಾಗಿತ್ತು.
ನೀನೇ ತಾನೇ ಲೆಕ್ಕದವನು, ಲೆಕ್ಕ ಹಾಕು."

ಹಾಕಿದೆ. ಜನರೇಟರು ನಿಂತ ಮೇಲೂ,
ಎಸ್ಪೆನ್ ತನ್ನ ಹೋಟೆಲಿಗೆ ಹೋದ ಮೇಲೂ,
ಮೇಣದ ಬೆಳಕಿನಲ್ಲಿ.
ಎರಡು ವರ್ಷಕ್ಕೊಂದು ಕರು, ಅರ್ಧ ಹೆಣ್ಣು,
ರೋಗಕ್ಕೆ ಇಷ್ಟು, ಮದುವೆಯ ತೆರಕ್ಕೆ ಇಷ್ಟು,
ಸೈನಿಕರು ಸುಮ್ಮನೆ ಗುಂಡಿಟ್ಟು ಕೊಂದದ್ದಕ್ಕೆ ಇಷ್ಟು ಕಳೆದು,
ಕರುವಿನ ಕರು, ಅದರ ಕರು.
ಮೊತ್ತ ಬಂದಾಗ ಕೃಷಿಖಾತೆಯ
ಕಾಲು ಪಾಲನ್ನು ಮೇಯ್ದಿತ್ತು ಒಂದೇ ಎಮ್ಮೆ.

ಬಲಗಡೆ, ಎಲ್ಲಕ್ಕೂ ಕೆಳಗೆ ಬರೆದೆ.
ಪೆನ್ಸಿಲ್ಲಿನಲ್ಲಲ್ಲ.

ಬೆಳಿಗ್ಗೆ ಕಾವಲುಗಾರ ಜೆಫೆರಿನೋ
ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ:
ಗೇಟಿನಿಂದ ಆಲದ ಮರದ ತನಕ ಜನ ಸ್ವಾಮಿ,
ಕೆಲವರ ಕೈಯಲ್ಲಿ ಕೊಳವೆ, ಕೆಲವರದು ಔಷಧಿ ಶೀಶೆ,
ಒಬ್ಬ ತನ್ನ ಬೆನ್ನ ಮೇಲಿನ ಗಾಯವನ್ನೇ
ಚೀಟಿ ಎನ್ನುತ್ತಿದ್ದಾನೆ.
ಒಳಗೆ ಬಿಡಲೇ?

ಕಚೇರಿಯಲ್ಲಿರುವುದು ಒಂದೇ ಬೆಂಚು.
ಅದನ್ನು ಹೊರಗೆ ಹಾಕು ಎಂದೆ,
ನೆರಳಿರುವ ಕಡೆ.