ಸೇತುವೆ ಬಂತು

ರೈಲು ಸೇತುವೆ ಹತ್ತುವಾಗೆಲ್ಲ ನಿನಗೆ ಹೇಳಬೇಕಂತೆ.
ಇಲ್ಲದಿದ್ದರೆ ನೀರು ಕಂಡ ಜೀವ ಹಿಂದೆ ಸರಿಯುತ್ತದೆ,
ಆಚೆ ದಡಕ್ಕೆ ಬರೀ ಗಂಟು ಮುಟ್ಟುತ್ತದೆ
ಅಂದಳು ದಿಯೆವ್ ತ್ರಿ ಸ್ಟೇಷನ್ನಿನಲ್ಲಿ ಬಾಳೆಹಣ್ಣು ಮಾರುವವಳು,
ನಾನು ಕೇಳದೆಯೇ, ಚಿಲ್ಲರೆ ಎಣಿಸುತ್ತಾ.
ಚೀಲದಿಂದ ಕೆಂಪು ಬಟ್ಟೆಯ ಅಂಚು ಇಣುಕಿತ್ತೇನೋ.

ಎರಡು ಟಿಕೆಟ್ಟು ತೆಗೆದಿದ್ದೇನೆ ಅಣ್ಣಾ.
ಹದಿನೇಳು ನನ್ನದು, ಹದಿನೆಂಟು ನಿನ್ನದು, ಕಿಟಕಿ ಪಕ್ಕ.
ಟಿಕೆಟ್ ನೋಡುವವನು ಬಂದ. ‘ಈ ಸೀಟಿನವರು ಎಲ್ಲಿ?’
ಚೀಲ ತೋರಿಸಿದೆ.
ಹುಡುಗ, ಮೀಸೆ ಇನ್ನೂ ಮೂಡಬೇಕು.
ಟೋಪಿ ತೆಗೆದ, ಎರಡಕ್ಕೂ ತೂತು ಹೊಡೆದ,
ಹೋಗುವಾಗ ನಿನ್ನ ಕಿಟಕಿಯ ಪರದೆ ಸರಿಸಿ ಹೋದ.

ನಿನಗೆ ಹತ್ತೊಂಬತ್ತು. ನನಗೆ ಐವತ್ತಾರು.
ಈಗ ಯಾರಿಗೆ ಯಾರು ಅಣ್ಣ?
ನೀನು ಹೊರಟ ದಿನ ನನ್ನದೊಂದು ಹಲ್ಲು ಅಲ್ಲಾಡುತ್ತಿತ್ತು,
‘ನಾನು ಬರುವಷ್ಟರಲ್ಲಿ ಹೊಸದು ಬಂದಿರಬೇಕು’ ಅಂದೆ.
ಬಂತು. ಬಿದ್ದೂ ಹೋಯಿತು. ಈಗ ಅಲ್ಲಿ ಕಟ್ಟಿಸಿದ ಹಲ್ಲು.

‘ದಕ್ಷಿಣದ ರಣರಂಗದಲ್ಲಿ’ ಎಂದಿತ್ತು ಕಾಗದದಲ್ಲಿ, ಅಷ್ಟೇ.
ದಕ್ಷಿಣ ಅಂದರೆ ಎಷ್ಟು ಉದ್ದದ ದಕ್ಷಿಣ!
ಯಾವ ಕಡೆ ಮುಖ ಮಾಡಿ ಊದುಬತ್ತಿ ಹಚ್ಚಲಿ
ಅಂತ ಅಮ್ಮ ಅಂಚೆಯವನನ್ನೇ ಕೇಳಿದಳು.
ಅವನು ಸೈಕಲ್ಲು ಹತ್ತದೆ
ತಳ್ಳಿಕೊಂಡೇ ಹೋದ, ಏರಿಯ ತುದಿಯವರೆಗೂ.

ನಿನ್ನನ್ನು ಮಣ್ಣು ಮಾಡಿದವನು ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟ:
ಮೂರು ಕಾಂಡದ ಮರ, ಅದರಾಚೆ ಹಳ್ಳ,
ಹಳ್ಳದಿಂದ ನಲವತ್ತು ಹೆಜ್ಜೆ.
ಹೋಗಿ ನೋಡಿದರೆ ಮರವಿಲ್ಲ, ಹಳ್ಳವಿಲ್ಲ,
ಗುಡ್ಡದ ಮೇಲೆ ಗುಡ್ಡ ಕಾಫಿ.
ಆ ತೋಟದ ಸಿಯು ಬ್ಲೋಯ್ ಒಂದು ಕಡೆ
ಆರು ಗಿಡದಷ್ಟು ಜಾಗ ನೆಡದೆ ಬಿಟ್ಟಿದ್ದ.
‘ಯಾರೋ ಇದ್ದಾರೆಂದು ಗೊತ್ತಿತ್ತು. ಯಾವ ಕಡೆಯವರೋ,
ಕೇಳಿದರೆ ಹೇಳುತ್ತಾರಾ?’
ಕೊಯ್ಲಿಗೊಮ್ಮೆ ಅಕ್ಕಿಹೆಂಡ ಸುರಿಯುತ್ತಿದ್ದನಂತೆ.
‘ನಿಮ್ಮಣ್ಣ ಕುಡಿಯುತ್ತಿದ್ದನಾ?’
ಇಲ್ಲ ಅಂದೆ.
‘ಈಗ ಕುಡಿಯುತ್ತಾನೆ.’

ಪೆನಿಸಿಲಿನ್ ಸೀಸೆ ಸಿಕ್ಕಿತು, ರಬ್ಬರಿನ ಮುಚ್ಚಳ ಸಮೇತ.
ಒಳಗಿನ ಚೀಟಿ ಬೆಂದ ಚಹಾದ ಎಲೆಯಂತೆ ಮುದುಡಿತ್ತು.
ಒಂದು ಅಕ್ಷರದ ಬಾಲ ಉಳಿದಿತ್ತು.
ಥುಯೆನ್ ಎಂಬುದರ ಮೊದಲಕ್ಷರವೂ ಇರಬಹುದು,
ಇನ್ನಾರದೋ ಹೆಸರಿನ ಕೊನೆಯದೂ.
ಹನೋಯಿಗೆ ಒಂದು ದವಡೆಹಲ್ಲು ಕಳಿಸಿದೆವು.
ಹೋಲಿಸಿ ನೋಡುವಷ್ಟು ಉಳಿದಿಲ್ಲ ಅಂತ ಬರೆದರು,
ವಿನಯವಾಗಿಯೇ ಬರೆದರು.

ಥಾಕ್ ಹಾನ್, ಸೇತುವೆ ಬಂತು, ಅಣ್ಣಾ.
ಎದುರಿನ ಸೀಟಿನವಳು ಮಗುವಿನ ಬಾಯಿ ಮುಚ್ಚಿದಳು.
ಬೆನ್ ಹಾಯ್, ಸೇತುವೆ ಬಂತು.
ದೇಶವನ್ನು ಕುಯ್ದದ್ದು ಇಲ್ಲೇ.
ಎರಡು ಕಡಲೆಕಾಯಿ ಸುಲಿಯುವಷ್ಟರಲ್ಲಿ ದಾಟಿತು ರೈಲು,
ಯಾರೂ ಕಾಗದಪತ್ರ ಕೇಳಲಿಲ್ಲ.
ಇಷ್ಟು ಸಣ್ಣ ನೀರು, ಇದಕ್ಕೆ

ಇರಲಿ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಚೀಲಕ್ಕೆ ಬಾಯಿಟ್ಟು ಹೇಳಿದೆ:
ನೀನು ಅವನಲ್ಲದಿದ್ದರೆ, ಕೇಳು,
ಯಾರ ಮಗನೋ ನೀನು, ನಡುದಾರಿಯಲ್ಲಿ ಇಳಿಯಬೇಡ.
ನಮ್ಮ ಥಾಯ್ ಬಿನ್ ಚಪ್ಪಟೆ ಊರು, ಬೆಟ್ಟ ಹತ್ತಬೇಕಿಲ್ಲ.
ಅಮ್ಮನ ಪಕ್ಕದ ಜಾಗ ಹದಿನಾರು ವರ್ಷದಿಂದ ಖಾಲಿ.
ಅವಳಿಗೆ ಕಣ್ಣು ಮಂಜಾಗಿತ್ತು, ಕೊನೆಕೊನೆಗೆ
ಹಾಲಿನವನನ್ನೂ ಥುಯೆನ್ ಅಂತಲೇ ಕರೆಯುತ್ತಿದ್ದಳು.
ನಿನ್ನನ್ನೂ ಕರೆಯುತ್ತಾಳೆ. ಓಗೊಡು.
ಆಮೇಲೆ ಜ್ಯಾನ್ ಹೊಳೆ ಬಂತು. ಸೇತುವೆ, ಅಂದೆ.
ಅಣ್ಣಾ ಅಂದೆನೋ ಇಲ್ಲವೋ ನೆನಪಿಲ್ಲ.

ನಾನೇ ನೇಯ್ದ ಜೊಂಡಿನ ಚಾಪೆಯಲ್ಲಿ ಸುತ್ತಿ ಇಳಿಸಿದೆವು.
ಕಲ್ಲು ಕೆತ್ತುವವನಿಗೆ ಹೆಸರು ಹೇಳಿದೆ,
ಅದರ ಕೆಳಗೆ ಒಂದು ಸಾಲು ಬಿಡು ಅಂದೆ.

ಮರುದಿನ ಅಟ್ಟದಿಂದ ಪಂಪು ಇಳಿಸಿದೆ.
ಹೊರಡುವ ಹಿಂದಿನ ಸಂಜೆ ಪಕ್ಕದ ಮನೆ ಖ್ವಾತ್ ಹತ್ತಿರ
ನೀನು ಕಡ ತಂದ ಸೈಕಲ್ ಪಂಪು.
‘ತಂದವನೇ ಕೊಡುತ್ತಾನೆ’ ಎಂದು ಅಮ್ಮ
ಬದುಕಿರುವ ತನಕ ಮುಟ್ಟಗೊಡಲಿಲ್ಲ.
ಖ್ವಾತ್ ಈಗಿಲ್ಲ. ಮೊಮ್ಮಗನಿಗೆ ಬೈಕ್ ರಿಪೇರಿ ಅಂಗಡಿ,
ಕರೆಂಟಿನಲ್ಲಿ ಗಾಳಿ ತುಂಬುವ ಯಂತ್ರ.
ಎರಡೂ ಕೈಯಲ್ಲಿ ತೆಗೆದುಕೊಂಡ.
ಒತ್ತಿ ನೋಡಿದ, ಗಾಳಿ ಬರಲಿಲ್ಲ.
‘ಒಳಗಿನ ಚರ್ಮ ಒಣಗಿದೆ, ಅತ್ತೆ,
ಎಣ್ಣೆ ಬಿಟ್ಟರೆ ಸರಿಹೋಗುತ್ತೆ’ ಅಂದ.