ತೂಕ, ತೂಕಡಿಕೆ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಇಪ್ಪತ್ತೆರಡು ವರ್ಷ
ಊರೂರ ಗೂಡನ್ನು ತೂಗಿದವನು ನಾನು.
ನನ್ನನ್ನು ತೂಗಲು ಚಿಕ್ಕಬಳ್ಳಾಪುರಕ್ಕೇ ಹೋಗಬೇಕಾಯಿತು:
ನೂರಾ ಹದಿನೆಂಟು ಕೆಜಿ, ಚಪ್ಪಲಿ ಬಿಟ್ಟು.

ರಾತ್ರಿಯೆಲ್ಲ ಮೈಗೆ ವೈರು ಸುತ್ತಿ ಮಲಗಿಸಿದರು.
ಬೆಳಿಗ್ಗೆ ಡಾಕ್ಟರಮ್ಮ ಕಾಗದ ತಿರುಗಿಸಿ ತೋರಿಸಿದರು:
ಗಂಟೆಗೆ ನಲವತ್ತೊಂದು ಸಲ
ನಿಮ್ಮ ಉಸಿರು ನಿಂತಿದೆ.
ನಾನು ನಕ್ಕೆ. ನನಗೇನು ಗೊತ್ತು, ಮಲಗಿದವನಿಗೆ.
ಮುನಿರತ್ನ ನಗಲಿಲ್ಲ.
ಎಷ್ಟು ವರ್ಷದಿಂದಲೋ ಕತ್ತಲಲ್ಲಿ ಎಣಿಸುತ್ತ ಬಿದ್ದಿದ್ದಳು,
ಹತ್ತು, ಹದಿನೈದು, ಇಪ್ಪತ್ತು,
ಆಮೇಲೆ ಮೊಣಕೈಯಿಂದ ಒಂದು ತಿವಿತ.
ಆ ತಿವಿತಕ್ಕೆ ನಾನು ಎಷ್ಟು ಬೈದಿದ್ದೇನೆ.

ಮೂಗಿಗೆ ಮಾಸ್ಕು. ತಲೆಗೆ ಎರಡು ದಿಂಬು.
"ಜ್ವರಕ್ಕೆ ಕೂತ ಹುಳ ಇದ್ದಂಗಿದ್ದೀರ,
ತಲೆ ಎತ್ಕೊಂಡು" ಅಂದಳು.
ಹುಳವಾದರೂ ನಾಲ್ಕು ಜ್ವರ ಕಳೆದು ಪೊರೆ ಬಿಡುತ್ತದೆ.
"ಓಡಬೇಡಿ, ನಡೀರಿ" ಅಂದಿದ್ದರು ಡಾಕ್ಟರಮ್ಮ.
ಅಷ್ಟೇ.

ಮೊದಲ ದಿನ ಗೌಡನ ಕೆರೆ ಏರಿಯ ಮೇಲೆ ಮೂರು ಕರೆಂಟ್ ಕಂಬ.
ತೂಬಿನ ಕಲ್ಲಿಗೆ ಕುಸಿದು
ಎದೆಬಡಿತವನ್ನು ಕಿವಿಯಲ್ಲಿ ಕೇಳಿದೆ.
ತೊಡೆಗೆ ತೊಡೆ ಉಜ್ಜಿ ಉರಿ; ಕೊಬ್ಬರಿ ಎಣ್ಣೆ ಸವರಿಕೊಂಡು
ಮರುದಿನ ಮತ್ತೆ ಮೂರು.
ಫಿಲೇಚರಿಗೆ ಸೈಕಲ್ ತುಳಿಯುವ ಹುಡುಗರು
"ಅಣ್ಣಾ, ಲಾಟು ಎಷ್ಟಕ್ಕೆ ಹೋಯ್ತು?" ಅಂತ ಕೂಗಿ ಹೋದರು.
ರೀಲರ್ ಅಕ್ಮಲ್ ಸಾಬರು ಮಾತ್ರ ಏನೂ ಕೇಳದೆ
ಪಕ್ಕಕ್ಕೆ ಬಂದು ನಡೆದರು,
ತಮ್ಮ ಉದ್ದ ಹೆಜ್ಜೆಯನ್ನು ನನ್ನಳತೆಗೆ ಮೋಟು ಮಾಡಿಕೊಂಡು.
ಅವರಿಗೆ ಸಕ್ಕರೆ ಕಾಯಿಲೆ.
ಬೋಂಡದ ಬಂಡಿ ದಾಟುವಾಗ ಇಬ್ಬರೂ
ಕೆರೆಯ ನೀರನ್ನು ಬಹಳ ಗಮನವಿಟ್ಟು ನೋಡುತ್ತೇವೆ.

ವಾರಕ್ಕೊಂದು ಕಂಬ.
ಯುಗಾದಿ ಹೊತ್ತಿಗೆ ಹದಿನಾರು.
ತಕ್ಕಡಿ ಏನೂ ಮೆಚ್ಚಲಿಲ್ಲ, ಇಳಿದದ್ದು ಮೂರೇ ಕೆಜಿ,
ಒಂದು ಕ್ರೇಟು ಗೂಡಿನಷ್ಟೂ ಇಲ್ಲ.
ಆದರೆ ತೂಕ ಬರೆಯುತ್ತ ತೂಕಡಿಸುವುದು ನಿಂತಿದೆ.
ಯಾವ ರೈತನ ಸೊನ್ನೆಯೂ ಈಗ
ನನ್ನ ಪೆನ್ನಿನಿಂದ ಜಾರಿ ಬೀಳುವುದಿಲ್ಲ.

ನಿನ್ನೆ ನಾಲ್ಕೂವರೆಗೆ ಎಚ್ಚರವಾಯಿತು. ಮಾಸ್ಕು ತೆಗೆದೆ.
ಕೋಣೆಯಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರು,
ಸಣ್ಣಗೆ, ಹುಳ ಸೊಪ್ಪು ಮೇಯುವ ಹಾಗೆ.
ಮುನಿರತ್ನ.
ಬಾಯಿ ಅರೆ ತೆರೆದು, ಆ ಮೊಣಕೈ ಸಡಿಲ ಬಿಟ್ಟು.
ಎಣಿಸಿದೆ.
ಎಲ್ಲೂ ನಿಲ್ಲಲಿಲ್ಲ.
ಲೈಟು ಹಾಕದೆ, ಶೂ ಕೈಯಲ್ಲಿ ಹಿಡಿದು
ಬಾಗಿಲವರೆಗೆ ಬರಿಗಾಲಲ್ಲಿ ನಡೆದೆ.